ಬಸ್ಸು ನಿಲ್ಲದ ಮೈಸೂರು

ಡಿಸೆಂಬರ್ ಬಂತೆಂದರೆ ಮೈಸೂರಿನ ಬೀದಿಗಳ ತುಂಬ ಶಾಲಾ ಪ್ರವಾಸದ ಬಸ್ಸುಗಳೇ. ನಸುಕಿನಲ್ಲಿ ಊರು ಬಿಟ್ಟ ಮಕ್ಕಳು ಒಂಬತ್ತರೊಳಗೆ ಚಾಮುಂಡಿ ಬೆಟ್ಟ ಹತ್ತಿ ಇಳಿಯಬೇಕು, ಹತ್ತಕ್ಕೆ ಮೃಗಾಲಯ ಹೊಗಬೇಕು, ಮಧ್ಯಾಹ್ನ ಮರದ ನೆರಳಿನಲ್ಲಿ ಪುಳಿಯೋಗರೆ, ಮೊಸರನ್ನದ ಡಬ್ಬಿಗಳನ್ನು ಖಾಲಿ ಮಾಡಿ ಅರಮನೆ ಸುತ್ತಬೇಕು, ಹೊತ್ತು ಮುಳುಗುವ ವೇಳೆಗೆ ಕನ್ನಂಬಾಡಿಯ ಬೃಂದಾವನ ಸೇರಬೇಕು. ಈ ಓಟದ ಕೊನೆಯ ಭಾಗದಲ್ಲಿ, ರೈಲು ನಿಲ್ದಾಣದ ಕಡೆಯಿಂದ ಕೆ.ಆರ್.ಎಸ್. ರಸ್ತೆ ಹಿಡಿದ ಬಸ್ಸಿಗೆ ಒಂದು ದೊಡ್ಡ ಗೇಟು, ಅದರಾಚೆ ಮರಗಳ ನಡುವೆ ಕಂಬಗಳ ಸಾಲಿನ ಭವ್ಯ ಕಟ್ಟಡವೊಂದು ಎದುರಾಗುತ್ತದೆ. ಕಿಟಕಿಯ ಪಕ್ಕ ಕೂತ ಹುಡುಗ ಕೇಳುತ್ತಾನೆ: “ಸಾರ್, ಇದೂ ಅರಮನೇನಾ?”

“ಅಲ್ಲ ಕಣೋ, ಅದು ಆಫೀಸು. ತಲೆ ಒಳಗೆ ಹಾಕು.”

ಮೇಷ್ಟ್ರ ಉತ್ತರ ತಪ್ಪು, ಹುಡುಗನ ಊಹೆ ಅರ್ಧ ಸರಿ. ಅದು ಚೆಲುವಾಂಬ ವಿಲಾಸ, ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆ. 1950ರ ಅಕ್ಟೋಬರಿನಿಂದ ಅದು ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಮೈಸೂರಿಗರ ಬಾಯಲ್ಲಿ ಸಿ.ಎಫ್.ಟಿ.ಆರ್.ಐ. ಬಸ್ಸಿನಲ್ಲಿರುವ ಅರವತ್ತು ಮಕ್ಕಳಲ್ಲಿ ಎಷ್ಟೋ ಜನ ಹಾಲೂಡುವ ವಯಸ್ಸಿನಲ್ಲಿ ಕುಡಿದ ಪುಡಿ ಹಾಲಿಗೂ ಈ ಗೇಟಿಗೂ ಸಂಬಂಧವಿದೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಮೈಸೂರಿನಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿ ಯಾವ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲೂ ಸಿಗುತ್ತದೆ. ಆ ಪಟ್ಟಿಯಲ್ಲಿಲ್ಲದ ಇನ್ನೊಂದು ಮೈಸೂರು ಅದೇ ರಸ್ತೆಗಳಲ್ಲಿ, ಅದೇ ಮರಗಳ ಹಿಂದೆ ಇದೆ. ಸೈಕಲ್ ಹತ್ತಿದರೆ ಒಂದು ಬೆಳಿಗ್ಗೆಯಲ್ಲಿ ಅದರ ಬಹುಪಾಲು ಗೇಟುಗಳನ್ನು ಮುಟ್ಟಿ ಬರಬಹುದು. ಒಂದು ಗೇಟಿನ ಹಿಂದೆ ಅಕ್ಕಿ, ಹಾಲು. ಇನ್ನೊಂದರ ಹಿಂದೆ ತಾಳೆಗರಿ. ಮತ್ತೊಂದರ ಹಿಂದೆ ಮಗುವಿನ ತೊದಲು ಮಾತು. ನಗರದ ದಕ್ಷಿಣದಲ್ಲಿ ರೇಷ್ಮೆ ಹುಳು. ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ನಳಿಕೆ, ಕುದಿಯುವ ಬಣ್ಣದ ನೀರು ಎಂದಷ್ಟೇ ತಿಳಿದಿರುವ ಮಗುವಿಗೆ ಈ ಊರು ಬೇರೆಯದೇ ಪಾಠ ಹೇಳಬಲ್ಲದು. ಆದರೆ ಬಸ್ಸು ನಿಲ್ಲಬೇಕಲ್ಲ!

ಎಮ್ಮೆಯ ಹಾಲು, ಕುಸುಬಲಕ್ಕಿ

ಚೆಲುವಾಂಬ ವಿಲಾಸದಿಂದಲೇ ಆರಂಭಿಸಬಹುದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶಕ್ಕೆ ಬೇಕಾದ ಶಿಶು ಆಹಾರವೆಲ್ಲ ಹೊರದೇಶಗಳಿಂದ ಡಬ್ಬಿಯಲ್ಲಿ ಬರುತ್ತಿತ್ತು. ಅದೆಲ್ಲ ಹಸುವಿನ ಹಾಲಿನಿಂದ ಆದದ್ದು. ಭಾರತದಲ್ಲಿ ಹೇರಳವಾಗಿ ಸಿಗುತ್ತಿದ್ದುದು ಎಮ್ಮೆಯ ಹಾಲು. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಕೇಸಿನ್ ಎಂಬ ಪ್ರೋಟೀನೂ ಹೆಚ್ಚು. ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುವುದರಿಂದ ಎಳೆ ಮಗುವಿಗೆ ಒಗ್ಗುವುದಿಲ್ಲ. ಹೀಗಾಗಿ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡಲು ಬರುವುದಿಲ್ಲ ಎಂಬ ಅಭಿಪ್ರಾಯ ಬಲವಾಗಿತ್ತು. ಇಲ್ಲಿನ ವಿಜ್ಞಾನಿಗಳು 1950ರ ದಶಕದಲ್ಲಿ ಕೊಬ್ಬನ್ನು ಇಳಿಸಿ, ಲವಣಗಳ ಪ್ರಮಾಣವನ್ನು ಹೊಂದಿಸಿ, ಜೀವಸತ್ವಗಳನ್ನು ಸೇರಿಸಿ, ಬಿಸಿ ಗಾಳಿಯಲ್ಲಿ ತುಂತುರಾಗಿ ಸಿಂಪಡಿಸಿ ಒಣಗಿಸುವ ವಿಧಾನದಿಂದ ಅದನ್ನು ಮಾಡಿ ತೋರಿಸಿದರು. ಗುಜರಾತಿನ ಆನಂದದ ಹಾಲು ಸಹಕಾರ ಸಂಘ ಅದನ್ನು ಕೈಗೆತ್ತಿಕೊಂಡಿತು. ಅಮುಲ್ ಹೆಸರಿನ ಡಬ್ಬಿ ಮನೆಮನೆಗೆ ಬಂದದ್ದು ಹೀಗೆ.

ಕುಸುಬಲಕ್ಕಿಯ ಕತೆ ಇದಕ್ಕಿಂತ ಹತ್ತಿರದ್ದು. ಕರಾವಳಿಯ ಮನೆಗಳಲ್ಲಿ ಬತ್ತವನ್ನು ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಹಾಕಿ, ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿಸುವುದು ರೂಢಿ. ಹೀಗೆ ಬೇಯಿಸಿದಾಗ ಹೊರಪದರದ ಬಿ ಜೀವಸತ್ವ ಕಾಳಿನ ಒಳಗಿಳಿಯುತ್ತದೆ, ಮಿಲ್ಲಿನಲ್ಲಿ ನುಚ್ಚೂ ಕಡಿಮೆ. ಆದರೆ ದಿನಗಟ್ಟಲೆ ನೆನೆದ ಬತ್ತ ಹುಳಿತು ನಾತ ಹೊಡೆಯುತ್ತದೆ. ಬಿಸಿ ನೀರಿನಲ್ಲಿ, ಅಂದರೆ ಸುಮಾರು 70 ಡಿಗ್ರಿ ಶಾಖದಲ್ಲಿ ನೆನೆಸಿದರೆ ಮೂರು ನಾಲ್ಕು ಗಂಟೆಗಳಲ್ಲಿ ಅದೇ ಕೆಲಸ ಮುಗಿಯುತ್ತದೆ, ನಾತವೂ ಇಲ್ಲ ಎಂದು ತೋರಿಸಿ ಅದನ್ನು ಮಿಲ್ಲುಗಳಿಗೆ ಹೊಂದುವಂತೆ ಮಾಡಿಕೊಟ್ಟವರು ಇಲ್ಲಿಯವರು. ಅಜ್ಜಿ ಮಾಡುತ್ತಿದ್ದ ಕೆಲಸವನ್ನು ತಳ್ಳಿಹಾಕದೆ, ಅದು ಏಕೆ ಸರಿ, ಎಲ್ಲಿ ತೊಡಕು ಎಂದು ಕೇಳಿದ್ದರಿಂದ ಬಂದ ಉತ್ತರ ಅದು.

ಇದೇ ಕಟ್ಟಡದಲ್ಲಿ ಇನ್ನೊಂದು ಪ್ರಯತ್ನವೂ ನಡೆಯಿತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು, ಮೇಲೆ ಜೀವಸತ್ವ, ಸುಣ್ಣದ ಅಂಶ. ‘ವಿವಿಧೋದ್ದೇಶ ಆಹಾರ’ ಎಂದು ಅದಕ್ಕೆ ಹೆಸರು. ಅಗ್ಗ, ಪುಷ್ಟಿಕರ, ಲೆಕ್ಕದಲ್ಲಿ ಎಲ್ಲವೂ ಸರಿ. ಆದರೆ ಪುಷ್ಟಿ ಇದೆಯೆಂದ ಮಾತ್ರಕ್ಕೆ ಜನ ತಿನ್ನುತ್ತಾರೆಯೆ? ಯಾವ ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಬಸುರಿಗೆ ಯಾವುದು ನಿಷಿದ್ಧ, ‘ಬಡವರ ಹಿಟ್ಟು’ ಎಂಬ ಹೆಸರು ಅಂಟಿದರೆ ಬಡವರೇ ಅದನ್ನು ಏಕೆ ಮುಟ್ಟುವುದಿಲ್ಲ? ಈ ಪ್ರಶ್ನೆಗಳಿಗೆ ರಸಾಯನಶಾಸ್ತ್ರದ ಬಾಟಲಿಯಲ್ಲಿ ಉತ್ತರವಿಲ್ಲ. ಅವುಗಳಿಗೆ ಬೇರೆ ಗೇಟು ತಟ್ಟಬೇಕು.

ಸಿದ್ಧಾರ್ಥನಗರದಲ್ಲಿ 1961ರಿಂದ ಇರುವ ರಕ್ಷಣಾ ಆಹಾರ ಸಂಶೋಧನಾಲಯದ್ದು ಮತ್ತೂ ಬೇರೆ ಚಿಂತೆ. ಹಿಮದ ಶಿಖರದಲ್ಲಿ ನಿಂತ ಯೋಧನಿಗೆ ತಿಂಗಳು ಕಳೆದರೂ ಕೆಡದ ಚಪಾತಿ ಬೇಕು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಜತೆಗೊಯ್ದ ಭಾರತೀಯ ತಿನಿಸು ಸಿದ್ಧವಾದದ್ದು ಇಲ್ಲೇ.

ಹೆಸರಿಲ್ಲದ ಪಂಡಿತರು ತಂದ ಕಟ್ಟು

ಊರ ನಡುವಿಗೆ ಬಂದರೆ ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿ, ಕೌಟಿಲ್ಯ ವೃತ್ತದ ಬಳಿ ಒಂದು ಹಳೆಯ ಕಟ್ಟಡವಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ನೆನಪಿಗೆ ಎದ್ದದ್ದು. 1891ರಲ್ಲಿ ಆರಂಭವಾದ ಪ್ರಾಚ್ಯ ಪುಸ್ತಕಾಲಯ ಇರುವುದು ಅಲ್ಲಿ. ಈಗ ಅದು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ. ಒಳಗೆ ಕಪಾಟುಗಳಲ್ಲಿ ಸಾವಿರಾರು ತಾಳೆಗರಿಯ ಕಟ್ಟುಗಳು. ಮರದ ಎರಡು ಪಟ್ಟಿಗಳ ನಡುವೆ ಗರಿಗಳನ್ನಿರಿಸಿ, ದಾರ ಪೋಣಿಸಿ ಬಿಗಿದ ಕಟ್ಟು. ಕಬ್ಬಿಣದ ಕಂಟದಿಂದ ಕೊರೆದು ಮಸಿ ಸವರಿದರೆ ಅಕ್ಷರ ಕಪ್ಪಾಗಿ ಮೂಡುತ್ತದೆ.

1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥ ಲಿಪಿಯ ಒಂದು ಕಟ್ಟನ್ನು ಈ ಪುಸ್ತಕಾಲಯಕ್ಕೆ ಒಪ್ಪಿಸಿ ಹೋದರು. ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು’ ಎಂದಷ್ಟೇ ಜನ ಅವರನ್ನು ನೆನೆಯುವುದು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಗರಿಗಳನ್ನು ಬಿಡಿಸಿ ಓದಿದರು. ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಅಲ್ಲಲ್ಲಿ ಹೆಸರು ಮಾತ್ರ ಕೇಳಿಬರುತ್ತಿದ್ದ, ಕಳೆದೇಹೋಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು! 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಶಾಸ್ತ್ರಿಗಳ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಪ್ರಾಚೀನ ಭಾರತದವರು ಪರಲೋಕದ ಚಿಂತೆಯಲ್ಲೇ ಮುಳುಗಿದ್ದವರು, ಆಡಳಿತದ ವಿಚಾರ ಅವರಿಗೆ ಗೊತ್ತಿರಲಿಲ್ಲ ಎಂದು ಬರೆಯುತ್ತಿದ್ದವರು ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಗಣಿ, ಸುಂಕ, ತೂಕ, ಅಳತೆ, ಕಲಬೆರಕೆಗೆ ದಂಡ, ಎಲ್ಲ ಅದರಲ್ಲಿ ಇತ್ತು.

ಆ ಪಂಡಿತರು ಕಟ್ಟನ್ನು ಮನೆಯ ಅಟ್ಟದ ಮೇಲೆ ಬಿಟ್ಟಿದ್ದರೆ? ಗೆದ್ದಲಿಗೆ ಅರ್ಥಶಾಸ್ತ್ರವೂ ಒಂದೇ, ಹಳೆಯ ಜಮಾಖರ್ಚಿನ ಲೆಕ್ಕವೂ ಒಂದೇ. ಈಗಲೂ ಎಷ್ಟೋ ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಕಟ್ಟುಗಳಿವೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮ ಬೀಳುತ್ತದೆ, ಓದುವವರಿಲ್ಲ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗೂ ಕೆಲಸವಿದೆ. ಒಣಗಿದ ತಾಳೆಗರಿ ಮುಟ್ಟಿದರೆ ಮುರಿಯುತ್ತದೆ, ಆದ್ದರಿಂದ ಸಿಟ್ರೊನೆಲ್ಲಾ ಎಣ್ಣೆಯನ್ನು ಹದವಾಗಿ ಸವರುತ್ತಾರೆ. ಗರಿಗೆ ಮೆದುತನ ಬರುತ್ತದೆ, ಹುಳುವೂ ದೂರ. ಗರಿಗಳ ಛಾಯಾಚಿತ್ರ ತೆಗೆದು ಗಣಕಯಂತ್ರಕ್ಕೆ ಏರಿಸುವ ಕೆಲಸವೂ ನಡೆದಿದೆ. ಆದರೆ ಚಿತ್ರ ತೆಗೆಯುವುದು ಸುಲಭ, ಓದುವುದು ಕಷ್ಟ. ಗ್ರಂಥ, ತಿಗಳಾರಿ, ನಂದಿನಾಗರಿ ಲಿಪಿಗಳನ್ನು ತಡೆಯಿಲ್ಲದೆ ಓದಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಹತ್ತು ಸಾವಿರ ಗರಿಗಳ ಚಿತ್ರ ಒಂದು ಸಣ್ಣ ಪೆಟ್ಟಿಗೆಯಲ್ಲಿ ಅಡಗೀತು. ಓದುವ ಕಣ್ಣು ತಯಾರಾಗಲು ವರ್ಷಗಳೇ ಬೇಕು.

ಕಲ್ಲಿನ ಅಕ್ಷರ ಓದುವವರದ್ದು ಇದರ ಪಕ್ಕದ ಲೋಕ. ಬಿ.ಎಲ್. ರೈಸ್ ಅವರು ಊರೂರು ಸುತ್ತಿ ಶಾಸನ ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ತಂದದ್ದು 1886ರಲ್ಲಿ. ಭಾರತದ ಪುರಾತತ್ತ್ವ ಇಲಾಖೆಯ ಶಾಸನ ಶಾಖೆ 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂತು. ಶಾಸನದ ಪಡಿಯಚ್ಚು ತೆಗೆಯುವುದನ್ನು ಮಕ್ಕಳು ಒಮ್ಮೆ ನೋಡಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿದು ಕೂರುತ್ತದೆ. ಮೇಲೆ ಮಸಿ ತಟ್ಟಿದರೆ ಉಬ್ಬೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳಿ. ಒಣಗಿಸಿ ಮಡಿಸಿದರೆ ಟನ್ನುಗಟ್ಟಲೆ ತೂಕದ ಬಂಡೆ ಚೀಲದೊಳಗೆ!

ಓದಿದ ಮೇಲೂ ಕೆಲಸ ಮುಗಿಯುವುದಿಲ್ಲ. ಶಾಸನದಲ್ಲಿ ಶಕ ವರ್ಷ, ತಿಥಿ, ವಾರ, ‘ಸೂರ್ಯಗ್ರಹಣ ನಿಮಿತ್ತ’ ಎಂದು ಇದ್ದರೆ ಆ ದಿನ ನಿಜಕ್ಕೂ ಗ್ರಹಣವಾಗಿತ್ತೇ ಎಂದು ಲೆಕ್ಕ ಹಾಕಿ ನೋಡುತ್ತಾರೆ. ಅದಕ್ಕಾಗಿ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ದೊಡ್ಡ ಕೋಷ್ಟಕ ಗ್ರಂಥವನ್ನೇ ಪ್ರಕಟಿಸಿದರು. ವಾರ ಹೊಂದದಿದ್ದರೆ, ಗ್ರಹಣ ಬಾರದಿದ್ದರೆ, ಆ ಶಾಸನ ನಂತರದ ಕಾಲದ ಕೂಟಸೃಷ್ಟಿಯಿರಬಹುದೇ ಎಂಬ ಅನುಮಾನ. ಅಲ್ಲಿ ಇತಿಹಾಸಕಾರನಿಗೆ ಖಗೋಳದ ಗಣಿತವೇ ಸಾಕ್ಷಿ. ಕಾಲವೇ ಬರೆದಿರದಿದ್ದರೆ? 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ. ಅಕ್ಷರಗಳ ರೂಪ, ಭಾಷೆಯ ರೀತಿ, ಹೆಸರಿಸಿದ ರಾಜನ ಕಾಲ, ಇವನ್ನು ತೂಗಿ ಅದು ಕ್ರಿ.ಶ. 450ರ ಸುಮಾರಿನದು ಎನ್ನುತ್ತಾರೆ. ಆ ‘ಸುಮಾರು’ ಎಂಬ ಪದವನ್ನು ವಿದ್ವಾಂಸರು ಬೇಕೆಂದೇ ಇಟ್ಟಿದ್ದಾರೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅದನ್ನು ಬಿಟ್ಟು ಬರೆಯುವುದು ವಾಡಿಕೆ.

ಹಲ್ಲಿಯೋ ಹಳ್ಳಿಯೋ

ಇನ್ನು ಮಾನಸಗಂಗೋತ್ರಿ. 1916ರ ಜುಲೈ 27ರಂದು ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1960ರಲ್ಲಿ ಒದಗಿದ ಹೊಸ ಆವರಣ. ಹೆಸರಿಟ್ಟವರು ಕುವೆಂಪು. ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ, ಮರಗಳ ನಡುವೆ ಹರಡಿದ ಈ ಆವರಣದಲ್ಲಿ ನಡೆದಾಡುವುದೇ ಒಂದು ಪ್ರವಾಸ. ಭೌತಶಾಸ್ತ್ರ ವಿಭಾಗದ ಮುಂದೆ ಒಂದು ನಿಮಿಷ ನಿಲ್ಲಬೇಕು. 1961ರಿಂದ ಹತ್ತು ವರ್ಷ ಇಲ್ಲಿ ಮುಖ್ಯಸ್ಥರಾಗಿದ್ದವರು ಎಸ್. ಚಂದ್ರಶೇಖರ್. ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ, ಇವರು ಬೇರೆ. ಇಬ್ಬರೂ ಸಿ.ವಿ. ರಾಮನ್ ಅವರ ಬಂಧುಗಳೇ ಆದ್ದರಿಂದ ಗೊಂದಲ ಸಹಜ. ಇವರು ಇಲ್ಲಿ ಕೈಹಾಕಿದ್ದು ದ್ರವಸ್ಫಟಿಕಗಳ ಅಧ್ಯಯನಕ್ಕೆ. ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, 1977ರಲ್ಲಿ, ತಟ್ಟೆಯಾಕಾರದ ಅಣುಗಳಿಂದಾದ ಹೊಸ ಬಗೆಯ ದ್ರವಸ್ಫಟಿಕವನ್ನು ಅವರ ತಂಡ ಜಗತ್ತಿಗೆ ತೋರಿಸಿತು.

ದ್ರವಸ್ಫಟಿಕವನ್ನು ಮೊದಲು ಗಮನಿಸಿದವನು ಭೌತಶಾಸ್ತ್ರಜ್ಞನಲ್ಲ, ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಸರ್, 1888ರಲ್ಲಿ. ಅವನ ಕೈಯಲ್ಲಿದ್ದ ವಸ್ತು ಎರಡು ಸಲ ಕರಗಿದಂತೆ ಕಂಡಿತು. ಮೊದಲು ಮಸಕಾದ ದ್ರವ, ಇನ್ನಷ್ಟು ಕಾಯಿಸಿದರೆ ತಿಳಿಯಾದ ದ್ರವ. ಆಗ ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ. ಕೈಗಡಿಯಾರ, ಕ್ಯಾಲ್ಕುಲೇಟರುಗಳ ಮುಖದ ಮೇಲೆ ಅದು ಅಂಕಿಗಳಾಗಿ ಮೂಡಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ‘ಇದರಿಂದ ಏನು ಲಾಭ?’ ಎಂದು ಮಕ್ಕಳನ್ನು ತಕ್ಷಣ ಕೇಳುವ ಅಪ್ಪಂದಿರ ಜೇಬಿನಲ್ಲೇ ಅದು ಬಹಳ ದಿನದಿಂದ ಕೂತಿದೆ.

ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ ಎರಡು ಸಂಸ್ಥೆಗಳಿವೆ. ಒಂದು 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ. ಇನ್ನೊಂದು 1965ರ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಎರಡರ ಬಂಡವಾಳವೂ ಮಾತೇ.

ಬರಹವಿಲ್ಲದ ಭಾಷೆಯೊಂದನ್ನು ಭಾಷಾವಿಜ್ಞಾನಿ ಕಲಿಯುವ ಬಗೆ ನೋಡಿ. ನಿಘಂಟಿಲ್ಲ, ವ್ಯಾಕರಣವಿಲ್ಲ. ಮಾತಾಡುವವರ ಮನೆಯಂಗಳದಲ್ಲಿ ಕೂತು ‘ನೀರಿಗೆ ಏನಂತೀರಿ, ಮರಕ್ಕೆ ಏನಂತೀರಿ’ ಎಂದು ಆರಂಭ. ನೂರಾರು ಪದ ಬರೆದುಕೊಂಡ ಮೇಲೆ ಜೋಡಿಗಳ ಹುಡುಕಾಟ. ಕನ್ನಡದಲ್ಲಿ ‘ಹಲ್ಲಿ’ ಮತ್ತು ‘ಹಳ್ಳಿ’ ಇವೆಯಲ್ಲ, ಅಂಥವು. ಒಂದೇ ದನಿಯ ವ್ಯತ್ಯಾಸಕ್ಕೆ ಗೋಡೆಯ ಮೇಲಿನ ಜೀವಿ ಊರಾಗಿಬಿಡುತ್ತದೆ. ಅಂದರೆ ಕನ್ನಡಿಗರ ಕಿವಿಗೆ ಲ ಬೇರೆ, ಳ ಬೇರೆ ಎಂಬುದಕ್ಕೆ ಪುರಾವೆ ಸಿಕ್ಕಿತು. ಕೊಡವ ಭಾಷೆಯಲ್ಲಿ ಕನ್ನಡ ಅಕ್ಷರಮಾಲೆಗೆ ಸಿಗದ ಸ್ವರಗಳಿವೆ. ಅವನ್ನು ಕನ್ನಡದಲ್ಲಿ ಬರೆದಾಗ ಕೊಡವರಿಗೆ ಏಕೆ ಸಮಾಧಾನವಿಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಕೇಂದ್ರ ಸರ್ಕಾರದ ಯೋಜನೆ 2013ರಲ್ಲಿ ಆರಂಭವಾದಾಗ ಅದರ ಹೊಣೆ ಬಿದ್ದದ್ದು ಈ ಸಂಸ್ಥಾನದ ಮೇಲೆ. ತಾಳೆಗರಿಗಾದರೆ ಎಣ್ಣೆ ಸವರಬಹುದು. ಎಂಬತ್ತು ದಾಟಿದ ಅಜ್ಜಿಯೊಬ್ಬರ ನಾಲಿಗೆಯಲ್ಲಿ ಮಾತ್ರ ಉಳಿದ ಗಿಡದ ಹೆಸರು, ಜೇನಿನ ಹೆಸರು, ಒಗಟು, ಅವರ ಜತೆಗೇ ಹೋಗುತ್ತದೆ. ಮೊಮ್ಮಕ್ಕಳು ಶಾಲೆಯಲ್ಲಿ ಆ ಭಾಷೆ ಆಡಲು ನಾಚುತ್ತಾರೆ. ನಾಚುವಂತೆ ಮಾಡಿದವರಲ್ಲಿ ಶಾಲೆಯ ಮೇಷ್ಟ್ರುಗಳ ಪಾಲೂ ಸಣ್ಣದಲ್ಲ.

ಪಕ್ಕದ ವಾಕ್ ಶ್ರವಣ ಸಂಸ್ಥೆಯ ಹೊರರೋಗಿ ವಿಭಾಗದ ಬೆಂಚುಗಳಲ್ಲಿ ಬೆಳಿಗ್ಗೆಯೇ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕೂತಿರುತ್ತಾರೆ. ಎರಡು ವರ್ಷವಾದರೂ ಮಾತು ಬಂದಿಲ್ಲ. “ಅವರಪ್ಪನಿಗೂ ತಡವಾಗೇ ಬಂದದ್ದು, ಸುಮ್ಮನಿರು ಮಗಾ” ಎಂದು ಅತ್ತೆ ಸಮಾಧಾನ ಹೇಳಿ ಹೇಳಿ ಇನ್ನೊಂದು ವರ್ಷ ಕಳೆದಿರುತ್ತದೆ. ಮಗುವಿಗೆ ಕೇಳಿಸುತ್ತಲೇ ಇಲ್ಲವೆಂಬುದು ಗೊತ್ತಾಗುವುದು ಆಮೇಲೆ. ಮಿದುಳು ಭಾಷೆಯನ್ನು ಹೀರಿಕೊಳ್ಳುವ ಮೊದಲ ವರ್ಷಗಳು ಅಷ್ಟರಲ್ಲಿ ಜಾರಿಹೋಗಿರುತ್ತವೆ.

ಹುಟ್ಟಿದ ಮಗುವಿಗೆ ಕೇಳಿಸುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದು ಹೇಳಲಾರದು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಒಂದು ವಿಚಿತ್ರ ಸಂಗತಿ ಕಂಡುಕೊಂಡರು. ಆರೋಗ್ಯವಂತ ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ಉತ್ತರವಾಗಿ ಅತಿ ಸೂಕ್ಷ್ಮ ಸದ್ದನ್ನು ಹೊರಗೂ ಕಳಿಸುತ್ತದೆ. ನಿದ್ದೆಹೋದ ಹಸುಗೂಸಿನ ಕಿವಿಯಲ್ಲಿ ಮೆತ್ತನೆಯ ಪುಟ್ಟ ಬಿರಡೆ ಇಟ್ಟು ಟಿಕ್ ಟಿಕ್ ಎನಿಸಿದರೆ ಅದರೊಳಗಿನ ಮೈಕು ಆ ಮರುಸದ್ದನ್ನು ಹಿಡಿಯುತ್ತದೆ. ಕೆಲವೇ ನಿಮಿಷಗಳ ಕೆಲಸ, ಮಗುವಿಗೆ ನೋವಿಲ್ಲ. ಸದ್ದು ಮರಳಿ ಬಾರದಿದ್ದರೆ ಮುಂದಿನ ಪರೀಕ್ಷೆಗಳು.

ಇದು ಭೌತಶಾಸ್ತ್ರ. ಆದರೆ ಮಾತು ಸ್ಪಷ್ಟವಿಲ್ಲದ ಐದು ವರ್ಷದ ಕನ್ನಡದ ಹುಡುಗಿಯನ್ನು ಪರೀಕ್ಷಿಸಲು ಇಂಗ್ಲಿಷಿನ ಪದಪಟ್ಟಿ ಸಾಲದು. ಪ, ಬ, ಮ ಬೇಗ ಬರುತ್ತವೆ, ರ ತಡ. ಕನ್ನಡದ ಮಕ್ಕಳಲ್ಲಿ ಯಾವ ದನಿ ಯಾವ ವಯಸ್ಸಿಗೆ ನೆಲೆಗೊಳ್ಳುತ್ತದೆ ಎಂದು ಮೊದಲು ಗೊತ್ತಿರಬೇಕು. ಅದಕ್ಕೆ ‘ಹಲ್ಲಿ ಹಳ್ಳಿ’ಗಳ ವಿದ್ಯೆಯೇ ಬೇಕು. ಒಂದು ಸಂಸ್ಥೆಯ ವ್ಯಾಕರಣ ಇನ್ನೊಂದು ಸಂಸ್ಥೆಯ ಔಷಧವಾಗುವುದು ಹೀಗೆ.

ಎತ್ತಿನ ಮನೆಯಲ್ಲಿ ಕೂತವರು

ಆಗ ಬಿಟ್ಟುಬಂದ ಪ್ರಶ್ನೆಯೊಂದು ಉಳಿದಿದೆ. ಯಾವ ಮನೆಯಲ್ಲಿ ಯಾರು ಏನು ಉಣ್ಣುತ್ತಾರೆ, ಏಕೆ? ಇದನ್ನು ಕೇಳಿದವರಲ್ಲಿ ದೊಡ್ಡ ಹೆಸರು ಮೈಸೂರಿನವರದೇ, ಎಂ.ಎನ್. ಶ್ರೀನಿವಾಸ್. 1916ರಲ್ಲಿ, ಅಂದರೆ ವಿಶ್ವವಿದ್ಯಾನಿಲಯ ಹುಟ್ಟಿದ ವರ್ಷವೇ, ಹುಟ್ಟಿದವರು. ಮನೆಯ ಹಿಂದೆ ಕೂಗಳತೆಯಲ್ಲಿದ್ದ ಬಂಡಿಕೇರಿಯ ಬದುಕೇ ಬಾಲ್ಯದಲ್ಲಿ ತಮಗೆ ಬೇರೊಂದು ಲೋಕದಂತೆ ಕಂಡಿತ್ತೆಂದು ಅವರು ನೆನೆದಿದ್ದಾರೆ. ಮಹಾರಾಜ ಕಾಲೇಜು, ಮುಂಬಯಿ, ಆಕ್ಸ್‌ಫರ್ಡ್‌ಗಳಲ್ಲಿ ಓದಿ 1948ರಲ್ಲಿ ಮೈಸೂರಿನ ಸೀಮೆಯ ಒಂದು ಹಳ್ಳಿಗೆ ಬಂದು ಇಳಿದರು. ಪುಸ್ತಕದಲ್ಲಿ ಅದಕ್ಕೆ ಅವರಿಟ್ಟ ಹೆಸರು ‘ರಾಂಪುರ’. ಊರ ಯಜಮಾನರ ಎತ್ತು ಕಟ್ಟುವ ಮನೆಯೇ ಬಿಡಾರ. ವರ್ಷದ ಬಹುಭಾಗ ಅಲ್ಲಿ ಕೂತು ಬಿತ್ತನೆ, ಜಗಳ, ಮದುವೆ, ಪಂಚಾಯಿತಿ, ಯಾರು ಯಾರ ಮನೆಯ ನೀರು ಮುಟ್ಟುತ್ತಾರೆ ಎಂಬುದನ್ನೆಲ್ಲ ನೋಡಿದರು, ಬರೆದುಕೊಂಡರು.

ಇದಕ್ಕೂ ಪ್ರಯೋಗಶಾಲೆಯ ಶಿಸ್ತೇ ಬೇಕು. ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಬಾಯಿಂದ ಕೇಳಬೇಕು. ಜನ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ಗಮನಿಸಬೇಕು. ತನ್ನ ಜಾತಿ, ತನ್ನ ಓದು ತನ್ನ ಕಣ್ಣಿಗೆ ಯಾವ ಬಣ್ಣದ ಗಾಜು ಹಾಕಿದೆ ಎಂದು ಕೇಳಿಕೊಳ್ಳಬೇಕು. ಈ ಕೊನೆಯದು ಗಾಜಿನ ನಳಿಕೆಯ ಕೆಲಸದಲ್ಲಿ ಅಷ್ಟಾಗಿ ಬಾರದ ಕಷ್ಟ.

ಇಪ್ಪತ್ತೆರಡು ವರ್ಷಗಳ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೂತು ಆ ಟಿಪ್ಪಣಿಗಳಿಂದ ಗ್ರಂಥ ಬರೆಯಲು ಹೊರಟರು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಸಂಶೋಧನಾ ಕೇಂದ್ರಕ್ಕೆ ಬೆಂಕಿಯಿಟ್ಟರು. ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲೇ ಇದ್ದವು. ಮೂರೂ ಸುಟ್ಟವು. ನೆನಪಿನಿಂದಲೇ ಬರೆಯಿರಿ ಎಂದು ಸಹೋದ್ಯೋಗಿಯೊಬ್ಬರು ಸಲಹೆಯಿತ್ತರು. ಹಾಗೆ ಬಂದದ್ದು 1976ರ ‘ದಿ ರಿಮೆಂಬರ್ಡ್ ವಿಲೇಜ್’. ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಎಲ್ಲೆಡೆ ಓದುವ ಪುಸ್ತಕ ಅದು. ಅಂಕಿ ಅಂಶದ ಪಟ್ಟಿಗಳು ಅದರಲ್ಲಿ ವಿರಳ, ಮನುಷ್ಯರು ಹೆಚ್ಚು. ಬೆಂಕಿ ಬೀಳದಿದ್ದರೆ ಬೇರೆಯೇ ಪುಸ್ತಕ ಬರುತ್ತಿತ್ತೇನೋ. ಆದರೂ ಮೂರು ಪ್ರತಿಗಳನ್ನು ಒಂದೇ ಕೋಣೆಯಲ್ಲಿ ಇಡಬಾರದಿತ್ತು ಎಂದು ಓದಿದವರಿಗೆ ಅನಿಸದೇ ಇರದು.

ರೇಷ್ಮೆಯದು ಬೇರೆಯೇ ಇಕ್ಕಟ್ಟು. ಮಾನಂದವಾಡಿ ರಸ್ತೆಯ ಶ್ರೀರಾಂಪುರದಲ್ಲಿ 1961ರಿಂದ ಇರುವ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದಲೇ ವಿ-1 ಹಿಪ್ಪುನೇರಳೆಯೂ ಸಿ.ಎಸ್.ಆರ್. ದ್ವಿತಳಿ ಹುಳುಗಳೂ ರೈತರ ಮನೆ ಸೇರಿದವು. 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಗೂಡುಗಳ ಜತೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಹೊಕ್ಕು ತಿನ್ನುತ್ತದೆ, ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನ ಎಳೆ ಬಿಚ್ಚಲು ಬಾರದು. ಔಷಧಿ ಹೊಡೆಯೋಣವೆಂದರೆ ರೇಷ್ಮೆ ಹುಳುವೂ ಕೀಟವೇ. ನೊಣದ ಜತೆ ಅದೂ ಸಾಯುತ್ತದೆ! ಕೊನೆಗೆ ನೆರವಾದದ್ದು ಹುಳುಮನೆಗೆ ಕಟ್ಟುವ ನೈಲಾನ್ ಪರದೆ ಮತ್ತು ಊಜಿಯ ಕೋಶದೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುವ ನೆಸೊಲಿಂಕ್ಸ್ ಎಂಬ ಸಾಸಿವೆಗಿಂತ ಸಣ್ಣ ಕಣಜ. ರಾಮನಗರ, ಕೊಳ್ಳೇಗಾಲದ ಕಡೆಯ ರೈತನಿಗೆ ಅದರ ಹೆಸರು ಗೊತ್ತಿರದಿದ್ದರೂ ಋಣವಿದೆ.

ಇಷ್ಟೆಲ್ಲ ಕೇಳಿದ ಮೇಲೆ ಅಪ್ಪ ಅಮ್ಮಂದಿರ ಬಾಯಲ್ಲಿ ಬರುವ ಪ್ರಶ್ನೆ ಒಂದೇ: “ಎಲ್ಲ ಸರಿ, ಕೆಲಸ ಸಿಗುತ್ತಾ?” ಪ್ರಶ್ನೆ ನ್ಯಾಯವಾದದ್ದು. ಸಾಲ ಮಾಡಿ ಓದಿಸುವ ಮನೆಯಲ್ಲಿ ಅದನ್ನು ಕೇಳಬಾರದು ಎನ್ನುವವರಿಗೆ ಹಸಿವು ಗೊತ್ತಿಲ್ಲ. ಉತ್ತರವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಎಲ್ಲ ಗೇಟುಗಳ ಹಿಂದೆಯೂ ಸಮನಾದ ಬಾಗಿಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ವಾಕ್ ಶ್ರವಣದ ಪದವಿ ಇದೆ, ಮುಗಿಸಿದವರಿಗೆ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಬೇಡಿಕೆಯೂ ಇದೆ. ಆಹಾರ ತಂತ್ರಜ್ಞಾನಕ್ಕೂ ಹಾಗೆಯೇ. ಲಿಪಿ, ಶಾಸನ, ಅಳಿವಿನಂಚಿನ ಭಾಷೆಗಳ ಕಡೆ ಹೋಗುವವರ ದಾರಿ ಉದ್ದ. ಹುದ್ದೆ ಕಡಿಮೆ, ಖಾಲಿಯಾದದ್ದು ಬೇಗ ತುಂಬುವುದಿಲ್ಲ, ಶಿಷ್ಯವೇತನ ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಅದು ಗೊತ್ತಿದ್ದೂ ಹೋಗುವ ಹುಡುಗ ಹುಡುಗಿಯರಿದ್ದಾರೆ. ಅಂಥವರಿಗೆ ‘ಮಾರ್ಕ್ಸ್ ಬಂದಿದ್ದರೆ ಸೈನ್ಸ್ ತಗೋತಿದ್ದ, ಬರಲಿಲ್ಲ, ಅದಕ್ಕೇ ಆರ್ಟ್ಸ್’ ಎಂಬ ನೆಂಟರ ಮಾತೇ ಶಿಷ್ಯವೇತನದ ತಡಕ್ಕಿಂತ ಹೆಚ್ಚು ನೋಯಿಸುತ್ತದೆ. ಶಾಮಶಾಸ್ತ್ರಿಗಳು ಯಾವ ಲೆಕ್ಕದಲ್ಲಿ ಕಡಿಮೆ ಅಂಕದವರು?

ನೋಡಲು ಹೋಗುವವರಿಗೆ ಒಂದೆರಡು ಮಾತು. ಇವು ಪ್ರವಾಸಿ ತಾಣಗಳಲ್ಲ, ಕೆಲಸದ ಜಾಗಗಳು. ರಕ್ಷಣಾ ಇಲಾಖೆಯ ಸಂಸ್ಥೆಗೆ ಬಿಡುವುದೇ ಕಷ್ಟ. ಉಳಿದೆಡೆಗೆ ಮುಖ್ಯೋಪಾಧ್ಯಾಯರು ಮುಂಚಿತವಾಗಿ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ವಿಜ್ಞಾನ ದಿನವಾದ ಫೆಬ್ರುವರಿ 28, ಸಂಸ್ಥಾಪನಾ ದಿನದಂಥ ಸಂದರ್ಭಗಳಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುವ ಕ್ರಮ ಕೆಲವು ಕಡೆ ಇದೆ. ಅರವತ್ತು ಮಕ್ಕಳನ್ನು ಒಟ್ಟಿಗೆ ನುಗ್ಗಿಸುವುದಕ್ಕಿಂತ ಹದಿನೈದು ಜನರನ್ನು ಕರೆದೊಯ್ಯುವುದು ಲೇಸು. ಎಲ್ಲವನ್ನೂ ಒಂದೇ ದಿನ ನೋಡುವ ಹುಚ್ಚು ಬೇಡ.

ಯಾವ ಪತ್ರವೂ ಬೇಡದ ಒಂದು ಜಾಗ ಮಾತ್ರ ಇದೆ. ಮಾನಸಗಂಗೋತ್ರಿಯ ಪಕ್ಕದ ಕುಕ್ಕರಹಳ್ಳಿ ಕೆರೆಯ ಏರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, ಕುವೆಂಪು ನಿತ್ಯ ಅಡ್ಡಾಡುತ್ತಿದ್ದ ದಾರಿ. ಜನವರಿಯ ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಅಲ್ಲಿ ನಾಲ್ಕಾರು ಮಂದಿ ದುರ್ಬೀನು ಹಿಡಿದು ನಿಂತಿರುತ್ತಾರೆ. ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಒಬ್ಬಳು ಕಾಲೇಜು ಹುಡುಗಿ. ಮೈಸೂರಿನ ಪಕ್ಷಿವೀಕ್ಷಕರು ಪ್ರತಿ ಚಳಿಗಾಲ ಸುತ್ತಲಿನ ಕೆರೆಗಳಲ್ಲಿ ನೀರುಹಕ್ಕಿಗಳನ್ನು ಎಣಿಸುತ್ತ ಬಂದಿದ್ದಾರೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು. ಮರ ಮರೆಯಾದ ಕಡೆ ಎಣಿಕೆ ತಪ್ಪುತ್ತದೆ. ಇಬ್ಬರ ಲೆಕ್ಕ ಹೊಂದದಿದ್ದರೆ ಮೊದಲಿಂದ ಎಣಿಸುತ್ತಾರೆ. ಯಾರೂ ಸಂಬಳ ಕೊಡುವುದಿಲ್ಲ.

ಏರಿಯ ಮೇಲೆ ಅಪ್ಪನ ಜತೆ ಬಂದ ಪುಟ್ಟ ಹುಡುಗಿ ನಿಂತು ನೋಡುತ್ತಾಳೆ. “ಅಂಕಲ್, ಏನು ಎಣಿಸ್ತಿದ್ದೀರಾ?”

ದುರ್ಬೀನು ಅವಳ ಕೈಗೆ ಬರುತ್ತದೆ. “ನೋಡು ಪುಟ್ಟಿ, ಆ ಒಣ ಕೊಂಬೆ ಮೇಲೆ ಎಷ್ಟಿವೆ? ನಂಗೆ ಹನ್ನೊಂದು ಅನ್ಸುತ್ತೆ, ಇವರು ಹನ್ನೆರಡು ಅಂತಾರೆ.”

ಹುಡುಗಿ ಬಹಳ ಹೊತ್ತು ನೋಡುತ್ತಾಳೆ. ಅಪ್ಪ ಗಡಿಯಾರ ನೋಡಿಕೊಳ್ಳುತ್ತಾನೆ. “ಹದಿಮೂರು,” ಎನ್ನುತ್ತಾಳೆ ಅವಳು, “ಒಂದು ಹಿಂದುಗಡೆ ಕೂತಿದೆ.”